ತೋಡಿನ ನೀರು ಮತ್ತು ತೊಂಬತ್ತು ಸೆಕೆಂಡು

ಸುಂಟಿಕೊಪ್ಪ
ಆಗಸ್ಟ್ 9, ಶನಿವಾರ

ಪೂಜಿತಾಳ ಅಪ್ಪನಿಗೆ, ದೀಕ್ಷಿತಾಳ ಪ್ರೀತಿಯ ನೆನಪುಗಳು.

ಮೊದಲು ಹೇಳಿ, ಕೆಮ್ಮು ಹೋಯಿತೇ? ಅಷ್ಟು ಎತ್ತರದಲ್ಲಿ ಒಣಗಾಳಿ ಎದೆಗೆ ಹಿಡಿಯುತ್ತದೆ ಎಂದು ಹೋದ ರಜೆಯಲ್ಲಿ ನೀವೇ ಹೇಳಿದ್ದಿರಿ. ಕಾಳುಮೆಣಸು, ಜೇನು ಹಾಕಿ ಕಳಿಸಿದ ಡಬ್ಬಿ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ನಿಮ್ಮ ಗಡಿ ಪೋಸ್ಟಿಗೆ ಫೋನ್ ಸಿಗದೆ ಇವತ್ತಿಗೆ ನಲವತ್ತೊಂದು ದಿನ. ಊಟಕ್ಕೆ ಕೂತಾಗಲೆಲ್ಲ ಅತ್ತೆ "ಅಲ್ಲಿ ಚಳಿ ಜಾಸ್ತಿ ಉಂಟಾ?" ಎಂದು ನನ್ನನ್ನೇ ಕೇಳುತ್ತಾರೆ, ನಾನೇನೋ ನಿನ್ನೆಯಷ್ಟೇ ಅಲ್ಲಿಂದ ಬಂದವಳ ಹಾಗೆ. ಪೂಜಿತಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಕ್ಕರೆ ಥೇಟ್ ನಿಮ್ಮ ಚಿಕ್ಕಂದಿನ ಫೋಟೋ.

ಇಲ್ಲಿ ಒಂದು ಸಂಗತಿ ನಡೆಯಿತು. ನೀವು ಸೇನೆಯ ಸಿಗ್ನಲ್ಸ್‌ನವರು, ಸಂಪರ್ಕದ ಕೆಲಸ ಬಲ್ಲವರು, ನಿಮಗೆ ಹೇಳಿದರೇ ನನಗೆ ಸಮಾಧಾನ. ಎಸ್ಟೇಟಿನ ನಡುವೆ ಹರಿಯುವ ತೋಡಿಗೆ ನೀರಳೆಯುವ ಪೆಟ್ಟಿಗೆ ಕೂರಿಸಿದ್ದು ಗೊತ್ತಲ್ಲ. ಅದು ಮೇಲಿನ ಮೋರಿಯ ಹತ್ತಿರದಿಂದ ಅರ್ಧ ನಿಮಿಷಕ್ಕೊಮ್ಮೆ ಸಿಮ್ ಮೂಲಕ ನೀರಿನ ಮಟ್ಟ ಕಳಿಸುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ನಾನು ಪೈಥಾನಿನಲ್ಲಿ ಬರೆದ ಪ್ರೋಗ್ರಾಂ ಅದನ್ನು ಓದಿ, ಮಟ್ಟ ಏರಿದರೆ ತೋಡಿನ ಬದಿಯ ಕಾರ್ಮಿಕರ ಲೈನುಮನೆಗಳ ಸೈರನ್ ಕೂಗಿಸುತ್ತದೆ. ಹನ್ನೊಂದು ಕುಟುಂಬಗಳಿವೆ ಅಲ್ಲಿ.

ಜುಲೈ ಕೊನೆಯ ಮಂಗಳವಾರ ಬೆಳಿಗ್ಗೆಯಿಂದ ಹೊಯ್ದ ಮಳೆಗೆ ಕಾಪಿಗಿಡ ಸಹ ಕಾಣುತ್ತಿರಲಿಲ್ಲ. ಪರದೆಯಲ್ಲಿ ಮಾತ್ರ ಒಂದು ಮೀಟರ್ ಇಪ್ಪತ್ತು, ಹಸಿರು ಬಣ್ಣ. ನೋಡುತ್ತಾ ಟೀ ಕುಡಿದೆ. ಮಧ್ಯಾಹ್ನ ಎರಡಕ್ಕೆ ಲೈನಿನ ಮಾಯಿಲಪ್ಪನ ಫೋನು: "ಅಕ್ಕಾ, ನಿಮ್ಮ ಮಿಷನ್ ಎಂತ ಹೇಳ್ತದೆ? ತೋಡು ನಮ್ಮ ಮೆಟ್ಲಿಗೆ ಬಂತಲ್ಲ!" ಆಗಷ್ಟೇ ನೋಡಿದೆ, ಕೊನೆಯ ಅಳತೆ ಬಂದು ಎರಡು ಗಂಟೆಯಾಗಿತ್ತು. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದರೆ, ವಿಳಾಸ ಇನ್ನೂ ಬಳಕೆಯಲ್ಲಿದೆ ಎಂದು ಹೇಳಿ ಅದು ಏಳಲೇ ಇಲ್ಲ. ಮೂರು ಸಲ ಒತ್ತಿದೆ. ಆಮೇಲೆ ಅದನ್ನು ಅಲ್ಲೇ ಬಿಟ್ಟು, ನಿಮ್ಮ ದೊಡ್ಡ ರೇನ್‌ಕೋಟ್ ಹಾಕಿಕೊಂಡು ಇಳಿಜಾರಿನಲ್ಲಿ ಓಡಿದೆ. ನನ್ನ ಹಿಂದೆ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಪೂವಯ್ಯನವರು, ಆ ವಯಸ್ಸಿನಲ್ಲಿ, ಕೊಡೆಯೂ ಇಲ್ಲದೆ. ಹೋಗುವಷ್ಟರಲ್ಲಿ ಮಾಯಿಲಪ್ಪ ಮನೆಮನೆ ಬಾಗಿಲು ಬಡಿದು ಎಲ್ಲರನ್ನೂ ಮೇಲಿನ ಕಾಪಿ ಪಲ್ಪಿಂಗ್ ಶೆಡ್ಡಿಗೆ ಹತ್ತಿಸಿದ್ದ. ಅದಾಗಿ ಅರ್ಧ ಗಂಟೆಗೆ ಕೆಳಗಿನ ಎರಡು ಮನೆಗಳ ಗೋಡೆ ಕುಸಿಯಿತು. ಒಳಗೆ ಯಾರೂ ಇರಲಿಲ್ಲ. ಈ ವಾಕ್ಯವನ್ನು ದಿನಕ್ಕೆ ಎಷ್ಟು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೋ.

ಮರುದಿನ ನೋಡಿದರೆ ಕೊಂಬೆ ಬಿದ್ದು ಪೆಟ್ಟಿಗೆಯ ಬ್ಯಾಟರಿ ತಂತಿ ಕಿತ್ತುಬಂದಿತ್ತು. ಸಂಪರ್ಕ ಮುಗಿಯಿತೆಂದು ಹೇಳಲೂ ಅದಕ್ಕೆ ಸಮಯ ಸಿಕ್ಕಿರಲಿಲ್ಲ. ಆದರೂ ತಪ್ಪು ಕೊಂಬೆಯದಲ್ಲ, ನನ್ನದು. ಪ್ರೋಗ್ರಾಮಿನಲ್ಲಿ ಸಂಪರ್ಕ ಹಿಡಿದಿರುವ ಸಾಕೆಟ್ಟಿಗೆ ಎಷ್ಟು ಹೊತ್ತು ಕಾಯಬೇಕೆಂದು ನಾವು ಹೇಳದಿದ್ದರೆ ಅದು ಕಾಯುತ್ತಲೇ ಇರುತ್ತದೆ, ಪರದೆಯಲ್ಲಿ ಹಳೆಯ ಅಳತೆ ಹಾಗೇ ನಿಂತಿರುತ್ತದೆ. ನಾನು ಹೇಳಿರಲಿಲ್ಲ. ಮೊದಲು ಕೀಪ್‌ಅಲೈವ್ ಆಯ್ಕೆ ಹಾಕಿ ನೋಡಿದೆ. ಆಚೆ ತುದಿ ಬದುಕಿದೆಯೇ ಎಂದು ಅದು ತಟ್ಟಿ ನೋಡುತ್ತದಂತೆ. ಆದರೆ ಹಾಗೇ ಬಿಟ್ಟರೆ ಮೊದಲ ತಟ್ಟು ಎರಡು ಗಂಟೆಯ ನಂತರ! ತೋಡು ಅಷ್ಟು ಹೊತ್ತು ಕೊಡುತ್ತದೆಯೇ? ಕೊನೆಗೆ ಪೈಥಾನಿನ ಕೈಪಿಡಿಯನ್ನು ಸಾಲುಸಾಲಾಗಿ ಓದಿ, ತೊಂಬತ್ತು ಸೆಕೆಂಡಿನ ಟೈಮ್‌ಔಟ್ ಕೊಟ್ಟೆ. ಮೂರು ಅಳತೆ ತಪ್ಪಿದರೆ ಪರದೆ ಕೆಂಪು, ಸೈರನ್ ಬೇರೆ ದನಿಯಲ್ಲಿ. ಹಳೆಯ ವಿಳಾಸವನ್ನೇ ತಕ್ಷಣ ಮತ್ತೆ ಬಳಸಲು ಬಿಡುವ ಆಯ್ಕೆಯನ್ನೂ ಸೇರಿಸಿದೆ. ಎಲ್ಲ ಸೇರಿ ನಾಲ್ಕೇ ಸಾಲು. ಆ ನಾಲ್ಕು ಸಾಲಿಗೆ ಹನ್ನೊಂದು ಮನೆ.

ಮೋರಿಗೆ ಹೋಗಿ ನಾನೇ ತಂತಿ ಕಿತ್ತು, ವಾಚು ನೋಡುತ್ತಾ ನಿಂತೆ. ಆಫೀಸಿನಿಂದ ಪೂವಯ್ಯನವರು ಫೋನಿನಲ್ಲಿ, "ಈಗ ಕೆಂಪಾಯ್ತು ನೋಡು ಮಗಳೇ!" ಎಂದಾಗ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅಳುವಾಗ ಪಕ್ಕದಲ್ಲಿ ನೀವಿರಬೇಕಿತ್ತು ಅನಿಸಿತು. ಏನೂ ಮಾಡುವುದು ಬೇಡ, ಸುಮ್ಮನೆ ಇದ್ದರೆ ಸಾಕಿತ್ತು.

ಸಂಜೆ ಶೆಡ್ಡಿಗೆ ಹೋಗಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ. ಮಾಯಿಲಪ್ಪನ ಹೆಂಡತಿ ಮುಖ ತಿರುಗಿಸಿದಳು, ಕುಸಿದವುಗಳಲ್ಲೊಂದು ಅವಳ ತವರಿನವರ ಮನೆ. ಮಾಯಿಲಪ್ಪ ಮಾತ್ರ, "ನಿಮ್ಮ ಮಿಷನ್ ಒಂದನ್ನೇ ನಂಬಿ ನಾವು ಕೂತಿರ್ಲಿಲ್ಲಕ್ಕ, ನೀರು ನಾವೂ ನೋಡ್ತೇವೆ" ಎಂದ. ಸಮಾಧಾನಕ್ಕೆ ಹೇಳಿದನೋ, ಚುಚ್ಚಿದನೋ ಇನ್ನೂ ಗೊತ್ತಾಗಿಲ್ಲ. ಈಗ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ತೋಡಿಗಿಳಿದು ಕಣ್ಣಾರೆ ನೋಡಿ ಬರುತ್ತೇನೆ.

ಕಾಲಿಗೆ ಎರಡೆರಡು ಸಾಕ್ಸ್ ಹಾಕಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು ಈ ಕಾಗದದೊಳಗೇ ಇವೆ.

ನಿಮ್ಮ
ದೀಕ್ಷಿತಾ

ತಾ.ಕ.: ಅಂಚೆಯವರು ಗೇಟಿನಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮಾರ್ಚಿಗೆ ನಿಮ್ಮ ಸರ್ವಿಸ್ ಮುಗಿಯುತ್ತದೆ, ಇನ್ನೆರಡು ವರ್ಷ ಮುಂದುವರಿಯುವ ಫಾರಂ ನಿಮ್ಮ ಕೈಗೆ ಬಂದಿದೆ ಎಂದು ನಿಮ್ಮ ಜೊತೆಯ ನಿರಂಜನ್ ಅವರ ಹೆಂಡತಿ ಹೇಳಿದರು. ನೀವು ನನಗೆ ಹೇಳಲಿಲ್ಲ. ಸಹಿ ಹಾಕುವ ಮೊದಲು ನನ್ನನ್ನೊಂದು ಮಾತು ಕೇಳಿ. ಕೇಳಿದರೆ ಬೇಡ ಅನ್ನುತ್ತೇನೆ.