ಕಿವಿ ವಿಭಾಗದಲ್ಲಿ ಮೂರು ಕೂಗು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ರೋಗಿಗಳನ್ನು ಬಾಗಿಲಲ್ಲಿ ನಿಂತು ಕೂಗಿ ಕರೆಯುತ್ತಾರೆ. ಮೂರು ಸಲ ಕೂಗಿದರೂ ಎದ್ದು ಬಾರದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ‘ಗೈರುಹಾಜರು’ ಎಂದು ಬರೆದು ಮೂರು ವಾರದ ನಂತರದ ತಾರೀಕು ಕೊಡುತ್ತಾರೆ. ಕಿವಿ ಕೇಳಿಸದವರನ್ನು ಕೂಗಿ ಕರೆದು, ಕೇಳಿಸಲಿಲ್ಲವೆಂಬ ತಪ್ಪಿಗೆ ವಾಪಸ್ ಕಳಿಸುವ ಈ ಪದ್ಧತಿಯನ್ನು ಯಾವ ಮಹಾನುಭಾವರು ಕಂಡುಹಿಡಿದರೋ ನನಗೆ ಗೊತ್ತಿಲ್ಲ. ಅದನ್ನು ಹತ್ತೊಂಬತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದವನು ಯಾರೆಂಬುದು ಮಾತ್ರ ಚೆನ್ನಾಗಿ ಗೊತ್ತು. ಅವನು ನಾನೇ.

ಆ ಬಾಗಿಲಿನ ಜವಾನನಾಗಿ ನಿವೃತ್ತನಾದವನು ನಾನು. ಗಂಟಲು ದೊಡ್ಡದೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಅಲ್ಲಿಗೆ ಹಾಕಿದ್ದರು. ಆರು ಬೆಂಚು, ಕಿರುಗುಟ್ಟುವ ಎರಡು ಫ್ಯಾನು, ನೂರಿಪ್ಪತ್ತು ಜನ. ನೋವು, ಕೀವು, ರಕ್ತ ಇದ್ದವರಿಗೆ ಕೆಂಪು ಚೀಟಿ, ಅವರನ್ನು ಮೊದಲು ಒಳಗೆ ಬಿಡಬೇಕು. ಉಳಿದವರಿಗೆ ಬಿಳಿ ಚೀಟಿ. ಇದ್ದಕ್ಕಿದ್ದಂತೆ ಕಿವಿ ಹೋದವರಿಗೆ ನೋವಿರುವುದಿಲ್ಲ, ಕೀವೂ ಇರುವುದಿಲ್ಲ. ಹೀಗಾಗಿ ಅವರು ಬಿಳಿ ಚೀಟಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಗಲಾಟೆ ಮಾಡದ ರೋಗಿಯೆಂದರೆ ಎಲ್ಲರಿಗೂ ಇಷ್ಟ, ಅಲ್ಲವೇ?

ಅವರಲ್ಲೊಬ್ಬಳು ಹೊಲಿಗೆಯವಳು. ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆಯುವುದನ್ನೂ ಮರೆತು ಓಡಿ ಬಂದಿದ್ದಳು. ಚೀಟಿ ಬರೆಸುವಾಗ “ಬೆಳಿಗ್ಗೆ ಮಿಷನ್ ತುಳೀತಿದೀನಿ, ಸದ್ದೇ ಇಲ್ಲ. ಇನ್ನೊಂದು ಕಿವಿ ಚಿಕ್ಕವಳಿದ್ದಾಗಲೇ ಹೋಗಿದೆ” ಎಂದಿದ್ದಳು. ಮೂರನೇ ಬೆಂಚಿನಲ್ಲಿ ಕೂತಳು. ನಾನು ಅವಳ ಹೆಸರನ್ನು ಕೂಗಿದೆ. ಇನ್ನೊಮ್ಮೆ ಕೂಗಿದೆ. ಮೂರನೇ ಸಲ ಅವಳ ಕಡೆಗೇ ನೋಡಿಕೊಂಡು ಕೂಗಿದೆ. ಅವಳು ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಇವಳೇ ಇರಬೇಕೆಂದು ನನಗೆ ಅನಿಸಿತ್ತು, ಮಾನ್ಯರೇ. ಆದರೆ ಬಾಗಿಲು ಬಿಟ್ಟು ಹತ್ತು ಹೆಜ್ಜೆ ನಡೆದು ಕೇಳುವುದು ನನ್ನ ಕೆಲಸವಾಗಿರಲಿಲ್ಲ. ‘ಗೈರುಹಾಜರು’ ಎಂದು ಬರೆದೆ. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಕೊಟ್ಟ ತಾರೀಕಿಗೆ ಅವಳು ಬಂದಳು. ಡಾಕ್ಟರು ಪರೀಕ್ಷೆ ಮಾಡಿ, ನನ್ನ ಕಡೆ ತಿರುಗಿ, “ಮೊದಲ ವಾರದಲ್ಲೇ ಸ್ಟೀರಾಯ್ಡ್ ಶುರು ಮಾಡಿದ್ರೆ ಎಷ್ಟೋ ಜನಕ್ಕೆ ಕಿವಿ ವಾಪಸ್ ಬರುತ್ತೆ. ಈಗ ಕೊಟ್ಟು ನೋಡಬಹುದು, ಆಸೆ ಕಡಿಮೆ” ಅಂದರು. ಅದನ್ನೇ ಕಾಗದದ ಮೇಲೆ ಬರೆದು ಅವಳಿಗೆ ತೋರಿಸಿದರು. ಹೊರಗೆ ಬಂದವಳು ಬಾಗಿಲಲ್ಲಿ ನಿಂತು, ತನ್ನ ದನಿ ಎಷ್ಟು ಜೋರಾಗಿದೆಯೆಂದು ತನಗೇ ತಿಳಿಯದೆ, “ಇಲ್ಲೇ ಕೂತಿದ್ನಲ್ಲ ಅಣ್ಣಾ, ನೀವು ನನ್ನ ನೋಡಿದ್ರಿ” ಎಂದಳು. ಬೈದಿದ್ದರೆ ಎಂದೋ ಮರೆತಿರುತ್ತಿದ್ದೆ. ಮತ್ತೆ ಅವಳನ್ನು ನಾನು ನೋಡಲಿಲ್ಲ.

ಈಗ ನನ್ನ ಸರದಿ ಕೇಳಿ. ಮೊನ್ನೆ ಬೇಸಿಗೆಯ ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿದಳು. ಎಡಗಿವಿಗೆ ಹಿಡಿದರೆ ಏನೂ ಇಲ್ಲ. ಫೋನ್ ಕೆಟ್ಟಿದೆ ಎಂದೆ. “ಫೋನ್ ಕೆಟ್ಟಿಲ್ಲ ರೀ, ಈ ಕಡೆ ಇಟ್ಕೊಳ್ಳಿ” ಎಂದಳು ಹೆಂಡತಿ. ಬಲಗಿವಿ ವಯಸ್ಸಿನಿಂದ ಮೊದಲೇ ಮಂದ. ಆ ಬಾಗಿಲಲ್ಲಿ ನಿಂತು ಇಷ್ಟಾದರೂ ಕಲಿತಿದ್ದೆ: ಗುಗ್ಗೆಯೆಂದು ಎಣ್ಣೆ ಬಿಟ್ಟುಕೊಂಡು ಕಾಯಬಾರದು. ಅರ್ಧ ಗಂಟೆಯಲ್ಲಿ ನಿಮ್ಮ ಆಸ್ಪತ್ರೆಯಲ್ಲಿದ್ದೆ. ಬಿಳಿ ಚೀಟಿ ಕೊಟ್ಟರು. ಖಾಲಿ ಇದ್ದ ಜಾಗ ಮೂರನೇ ಬೆಂಚಿನಲ್ಲಿ.

ಈಗಿನ ಜವಾನನಿಗೆ ನನ್ನ ಮುಖ ಗೊತ್ತಿಲ್ಲ. ನಾನು ಕಲಿಸಿದವನಿಂದ ಕೆಲಸ ಕಲಿತವನು. ಬಾಗಿಲಲ್ಲಿ ಅವನ ಬಾಯಿ ತೆರೆದು ಮುಚ್ಚಿತು. ಯಾರೂ ಏಳಲಿಲ್ಲ. ಎರಡನೇ ಸಲವೂ ಏಳಲಿಲ್ಲ. ಯಾರಪ್ಪ ಇವನು, ಎದ್ದು ಹೋಗಬಾರದೇ ಎಂದು ನನಗೇ ಸಿಟ್ಟು ಬಂತು. ಮೂರನೇ ಸಲ ಅವನು ನನ್ನನ್ನೇ ನೋಡಿದ. ನಾನು, ದೇವರಾಣೆಗೂ, ಸಣ್ಣಗೆ ನಕ್ಕೆ. ಅವನು ತಲೆ ಬಗ್ಗಿಸಿ ಬರೆಯತೊಡಗಿದಾಗ, ಕೂಗಿದ್ದು ನನ್ನ ಹೆಸರನ್ನೇ ಎಂದು ಹೊಳೆಯಿತು. ಓಡಿ ಹೋಗಿ, “ಇಲ್ಲೇ ಕೂತಿದ್ನಲ್ಲಪ್ಪ” ಎಂದೆ. ನನ್ನ ಬಲಗಿವಿಯ ಹತ್ತಿರ ಬಾಯಿಟ್ಟು ಅವನು ಹೇಳಿದ: “ಮೂರು ಸಲ ಕರೆದೆ ಯಜಮಾನ್ರೇ. ರೂಲ್ಸು.”

ಕೊಟ್ಟ ತಾರೀಕಿಗೆ ಮುಂಚೆ ಹೊಸ ಚೀಟಿ ಸಿಗುವುದಿಲ್ಲ ಎಂಬುದೂ ರೂಲ್ಸು. ಹದಿನಾರನೇ ದಿನ ಕಿವಿ ವಿಭಾಗದ ಈಗಿನ ಡಾಕ್ಟರಮ್ಮನನ್ನು ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಅಡ್ಡಗಟ್ಟಿ ಕೈ ಮುಗಿದೆ. ಆಕೆ ಅಂದೇ ಪರೀಕ್ಷೆ ಮಾಡಿಸಿದರು, ಮಾತ್ರೆ ಕೊಟ್ಟರು, ಕಿವಿತಮಟೆಯ ಮೂಲಕ ಒಳಕ್ಕೆ ಇಂಜೆಕ್ಷನ್ನೂ ಕೊಟ್ಟರು. ಹೀಗೇಕಾಯಿತೆಂದು ಕೇಳಿದ್ದಕ್ಕೆ, “ಹೆಚ್ಚಿನವರಲ್ಲಿ ಕಾರಣ ಗೊತ್ತೇ ಆಗಲ್ಲ. ವೈರಸ್ ಇರಬಹುದು, ಒಳಗಿವಿಗೆ ರಕ್ತ ಸರಿಯಾಗಿ ಹೋಗದೆ ಇರಬಹುದು. ಅಪರೂಪಕ್ಕೆ ಗಡ್ಡೆ ಇರುತ್ತೆ, ಸ್ಕ್ಯಾನ್ ಮಾಡಿ ನೋಡೋಣ” ಎಂದು ಬರೆದು ತೋರಿಸಿದರು. ಗಡ್ಡೆ ಇರಲಿಲ್ಲ. ಕಿವಿ ಹೋದ ಕಾರಣ ವೈದ್ಯಶಾಸ್ತ್ರಕ್ಕೂ ಗೊತ್ತಿಲ್ಲ, ಸರಿ. ಹದಿನಾರು ದಿನ ಹೋದ ಕಾರಣ ತಮಗೂ ಗೊತ್ತಿಲ್ಲವೇ? ನನ್ನ ದೂರಿಗೆ ತಮ್ಮ ಕಚೇರಿಯ ಉತ್ತರ ಹೀಗಿದೆ: “ಕಡತ ಪರಿಶೀಲಿಸಲಾಗಿ, ಸದರಿಯವರನ್ನು ಮೂರು ಬಾರಿ ಕರೆಯಲಾಗಿದ್ದು, ಹಾಜರಿರಲಿಲ್ಲ.” ನಿಮ್ಮಲ್ಲಿ ಮದ್ದಿಲ್ಲದಿರುವುದು ಈ ಜಾಣ ಕಿವುಡಿಗೆ.

ಎಡಗಿವಿಗೆ ಈಗ ಬಾಗಿಲು ಬಡಿದರೆ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಒಳಗೆ ಒಂದು ಮೊರೆತ ಮಾತ್ರ ನಿಲ್ಲದೆ ಇದೆ. ಇಲ್ಲದ ಸದ್ದನ್ನು ಮೆದುಳೇ ತುಂಬಿಕೊಳ್ಳುತ್ತದೆಯಂತೆ. ನನ್ನ ಮೆದುಳು ತುಂಬಿಕೊಂಡಿರುವುದು ನನ್ನದೇ ದನಿಯನ್ನು. ಅದು ಹೆಸರುಗಳನ್ನು ಕೂಗುತ್ತದೆ, ಮೂರು ಮೂರು ಸಲ, ಮಧ್ಯಾಹ್ನ ಊಟಕ್ಕೆ ಕೂತಾಗಲೂ. ಯಾರೂ ಏಳುವುದಿಲ್ಲ. ನನಗೆ ಭಯವಾಗುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ. ಇದ್ದಕ್ಕಿದ್ದಂತೆ ಕಿವಿ ಹೋದವರಿಗೆ, ನೋವಿಲ್ಲದಿದ್ದರೂ, ಕೆಂಪು ಚೀಟಿ ಕೊಡಿಸಿ, ಅಂದೇ ನೋಡಿಸಿ. ಬಾಗಿಲ ಮೇಲೆ ನಂಬರ್ ಹಲಗೆ ಹಾಕಿಸಿ. ಅದು ಮಂಜೂರಾಗುವವರೆಗೆ ಜವಾನನಿಗೆ ಹತ್ತು ಹೆಜ್ಜೆ ನಡೆದು ಭುಜ ಮುಟ್ಟಿ ಕರೆಯಲು ಲಿಖಿತ ಆದೇಶ ಕೊಡಿ. ಲಿಖಿತವಿಲ್ಲದೆ ನಮ್ಮಂಥವರು ಏಳುವುದಿಲ್ಲ. ಉಗ್ರಾಣದಲ್ಲಿರುವ ನನ್ನ ಕಾಲದ ಹಾಜರಿ ಪುಸ್ತಕಗಳನ್ನು ತೆಗೆಸಿ, ಹೊಲಿಗೆಯವಳ ಸಾಲಿನಲ್ಲಿ ನಾನು ಬರೆದದ್ದನ್ನು ಹೊಡೆದು ‘ಹಾಜರು’ ಎಂದು ತಿದ್ದಲು ನನಗೆ ಅನುಮತಿ ಕೊಡಿ. ಹುಡುಕುವುದು ಕಷ್ಟವಾಗದು. ಅವಳ ಹೆಸರು ನನಗೆ ಬಾಯಿಪಾಠ.

ಇಂತಿ,
ಮೂರನೇ ಬೆಂಚಿನಲ್ಲಿ ಹಾಜರಿದ್ದ,
ತಮ್ಮ ನಿವೃತ್ತ ಜವಾನ