ಕಲ್ಲು ಹೊತ್ತ ಪೀಪಾಯಿ

ಸೆಪ್ಟೆಂಬರ್ 9, 1851. ಮಂಗಳವಾರ

ದಡ ಸುತ್ತಿ ಬಂದೆ. ಗಾಳಿ. ಏನೂ ಇಲ್ಲ. ಗಂಜಿ ಸೀದಿತ್ತು, ತಿಂದೆ.

ಲರ್ವಿಕ್ ಪಟ್ಟಣದಿಂದ ಟಪಾಲು ದೋಣಿ ಬಂತು. ಸುಂಕದ ಕಚೇರಿಯಿಂದ ನನಗೊಂದು ಕಾಗದ. ಮೂರು ವರ್ಷದಿಂದ ಈ ದ್ವೀಪದಲ್ಲಿ ಕಳ್ಳಮಾಲು ಒಂದೂ ಸಿಕ್ಕಿಲ್ಲ, ಹಾಗಾದರೆ ಸುಂಕದಕಟ್ಟೆ ಯಾಕೆ ಬೇಕು ಎಂದು ಕೇಳಿದ್ದಾರೆ. ಇಪ್ಪತ್ತಮೂರಕ್ಕೆ ಮೇಲಧಿಕಾರಿ ಟ್ರೇಲ್ ಸಾಹೇಬರು ತಪಾಸಣೆಗೆ ಬರುತ್ತಾರಂತೆ. ಕಟ್ಟೆ ಮುಚ್ಚಿದರೆ ನನಗೆ ಲೀತ್ ಬಂದರಿನ ಉಗ್ರಾಣದಲ್ಲಿ ಕೆಲಸ. ಅರವತ್ತೊಂದನೇ ವಯಸ್ಸಿಗೆ ಪಟ್ಟಣದ ಹೊಗೆ ಕುಡಿಯಲು! ಇಲ್ಲಿ ಇಪ್ಪತ್ತೆರಡು ವರ್ಷ ಕಳೆದೆ. ನನ್ನ ಹೆಂಡತಿ ಜೆನಟ್ ಇಲ್ಲಿನ ಮಣ್ಣಿನಲ್ಲೇ ಮಲಗಿದ್ದಾಳೆ. ಹೋಗುವುದಿಲ್ಲ.

ಸೆಪ್ಟೆಂಬರ್ 10

ಡಚ್ಚರ ಮೀನುದೋಣಿಗಳಿಂದ ಈ ಊರಿನವರು ಸುಂಕ ಕಟ್ಟದೆ ಜಿನ್ ಮದ್ಯ ಇಳಿಸಿಕೊಳ್ಳುತ್ತಾರೆ. ಗೊತ್ತು. ಎಲ್ಲಿ ಅಡಗಿಸುತ್ತಾರೋ, ಅದು ಗೊತ್ತಿಲ್ಲ. ಇವತ್ತು ಮೀನುಗಾರ ಹೊಸಾಯನ ಉರುವಲು ಹೆಂಟೆಯ ರಾಶಿ ಪೂರ್ತಿ ಬಿಚ್ಚಿದೆ. ಒಳಗೆ ಹೆಂಟೆ. ಅವನು ಗೋಡೆಯ ಮೇಲೆ ಕೂತು ಪೈಪು ಸೇದುತ್ತಿದ್ದ. ಹೊಗೆಯಲ್ಲಿ ಹಾಲೆಂಡಿನ ಹೊಗೆಸೊಪ್ಪಿನ ವಾಸನೆ. ಹೊಗೆಯನ್ನು ಜಪ್ತಿ ಮಾಡುವುದು ಹೇಗೆ?

"ಬಿಚ್ಚಿದೋರೇ ಜೋಡಿಸ್ಬೇಕು ಸುಂಕದಣ್ಣ. ಮಳೆ ಬರ್ತದೆ."

ಮಧ್ಯಾಹ್ನದವರೆಗೆ ಜೋಡಿಸಿದೆ. ಸೊಂಟ ಹೋಯಿತು. ಸಿಟ್ಟಿನಲ್ಲಿ ಕಾಗದದ ವಿಷಯ ಹೇಳಿಬಿಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅನ್ನುತ್ತಾರೆ. ಸುಂಕದವನು ಯಾರ ಮುಂದೆ ಹೇಳಬೇಕು?

ನನ್ನ ಬದಲು ಯಾರು ಬರುತ್ತಾರೆ ಎಂದು ಕೇಳಿದ. ಯಾರೂ ಇಲ್ಲ, ಹನ್ನೆರಡು ಜನ ಬಂದೂಕಿನವರು ಇರುವ ಕಾವಲು ಹಡಗು ದ್ವೀಪ ಸುತ್ತುತ್ತಿರುತ್ತದೆ ಎಂದೆ. ಪೈಪು ಆರಿತು. ಮತ್ತೆ ಹಚ್ಚಲಿಲ್ಲ.

ಸೆಪ್ಟೆಂಬರ್ 13

ಊರಿಗೆ ಏನೋ ಆಗಿದೆ. ಪಕ್ಕದ ಮನೆಯ ಓಸ್ಲಾ ಅಜ್ಜಿ ಮೊಟ್ಟೆ ಕೊಟ್ಟಳು. ಬೈಯಲಿಲ್ಲ! ದಾರಿಯಲ್ಲಿ ಹೊಸಾಯ ಸಿಕ್ಕಿ, ಉತ್ತರದ ಕೊಲ್ಲಿ ಕಡೆ ಅಡ್ಡಾಡಿ, ನೆಲ ಸಪಾಟಾಗಿದೆ, ವಯಸ್ಸಾದ ಕಾಲಿಗೆ ಒಳ್ಳೆಯದು ಅಂದ. ಯಾರಿಗೆ ವಯಸ್ಸಾಗಿದೆ? ಬೇಕೆಂದೇ ದಕ್ಷಿಣಕ್ಕೆ ಹೋದೆ.

ಸೆಪ್ಟೆಂಬರ್ 15

ಉತ್ತರದ ಕೊಲ್ಲಿ. ಹುಲ್ಲಿನಂಚಿನಲ್ಲಿ ಒಂದು ಪೀಪಾಯಿ. ಹಾಲೆಂಡಿನದೇ. ಮೂರು ವರ್ಷದಲ್ಲಿ ಮೊದಲನೆಯದು! ಹತ್ತಿರ ಹೋದೆ — ಮೇಲೊಂದು ಕಲ್ಲು.

ವಾಪಸು ಬಂದೆ.

ಇದು ಇಲ್ಲಿನ ಕಟ್ಟಳೆ: ದಿಮ್ಮಿಯೋ ಹಲಗೆಯೋ, ಸಮುದ್ರ ಕೊಟ್ಟಿದ್ದನ್ನು ಅಲೆ ಮುಟ್ಟದಷ್ಟು ಮೇಲೆಳೆದು ಕಲ್ಲಿಟ್ಟರೆ ಮುಗಿಯಿತು, ಅದು ಇಟ್ಟವರದು. ಇನ್ನೊಬ್ಬರು ಕೈ ಹಚ್ಚುವುದಿಲ್ಲ. ನಾನು ಕಲ್ಲಿಟ್ಟ ಹಡಗಿನ ಬಾಗಿಲು ಎಂಟು ತಿಂಗಳು ಹಾಗೇ ಬಿದ್ದಿತ್ತು. ಇವತ್ತು ಅದೇ ನನ್ನ ಮನೆಯ ಬಾಗಿಲು.

ಸೆಪ್ಟೆಂಬರ್ 17

ಅಲ್ಲೇ ಇದೆ. ಕೊಲ್ಲಿಯಲ್ಲಿ ಏನಾದರೂ ಕಂಡಿರಾ ಎಂದು ಹೊಸಾಯ ಕೇಳಿದ. ಕಡಲನಾಯಿ ಕಂಡೆ ಎಂದೆ. ಅದು ಬಿಟ್ಟು? ಇನ್ನೊಂದು ಕಡಲನಾಯಿ ಎಂದೆ.

ಸೆಪ್ಟೆಂಬರ್ 20

ಹೊಸಾಯನ ತಾಳ್ಮೆ ಕೆಟ್ಟಿತು. ಅಜ್ಜಿಯನ್ನೂ ಎಳೆದುಕೊಂಡು ಬಂದ.

"ಆ ಪೀಪಾಯಿ ಯಾಕೆ ಮುಟ್ಟಿಲ್ಲ ನೀವು?"

"ಕಲ್ಲಿದೆ."

ಹಣೆ ಚಚ್ಚಿಕೊಂಡ. ಕಟ್ಟೆ ಉಳಿಯಲೆಂದು ಪೀಪಾಯಿಯನ್ನು ನನಗೇ ಸಿಗಲಿ ಎಂದು ಇಟ್ಟದ್ದಂತೆ. ನನಗಿಂತ ಮೊದಲು ಬೇರೆ ಯಾರಾದರೂ ಹೊತ್ತುಕೊಂಡು ಹೋದಾರು ಎಂದು ಅಜ್ಜಿ ಜೋಪಾನಕ್ಕೆ ಕಲ್ಲಿಟ್ಟಿದ್ದಾಳೆ. ಹಾಗಾದರೆ ನೀನೇ ಹೋಗಿ ಕಲ್ಲು ತೆಗೆ ಎಂದು ಹೊಸಾಯ ಅವಳನ್ನು ಗದರಿದ.

"ತೆಗೆದ್ರೆ ಮಾಲು ನಂದು ಅಂತ ಒಪ್ಕೊಂಡ ಹಾಗಲ್ವೇನೋ ಬೆಪ್ಪೇ? ಜೈಲಿಗೆ ನಿಮ್ಮಪ್ಪ ಹೋಗ್ತಾನಾ?"

ಭಿಕ್ಷೆಗೆ ಸಿಕ್ಕ ಜಿನ್ ಹಿಡಿಯುವ ಅಧಿಕಾರಿ ನಾನಲ್ಲ ಎಂದು ಇಬ್ಬರನ್ನೂ ಆಚೆಗಟ್ಟಿದೆ. ಬಾಗಿಲು ಹಾಕಿಕೊಂಡೆ. ಇವರಿಗೆ ಹನ್ನೆರಡು ಬಂದೂಕಿನ ಭಯವೋ, ನನ್ನ ಮೇಲಿನ... ಏನೋ. ಮೊಟ್ಟೆ ಬೇಯಿಸಿಕೊಂಡೆ.

ಸೆಪ್ಟೆಂಬರ್ 23. ಮಧ್ಯಾಹ್ನ ಮೂರು

ಸಾಹೇಬರು ಬಂದು ಹೋದರು. ಪುಸ್ತಕ ನೋಡಿದರು, ದಡ ಸುತ್ತಿದರು. ಉತ್ತರದ ಕೊಲ್ಲಿಗೂ.

"ಏನ್ರೀ ಇದು?"

"ಪೀಪಾಯಿ."

"ಯಾಕೆ ಜಪ್ತಿ ಮಾಡಿಲ್ಲ?"

"ಕಲ್ಲಿದೆ ಸಾಹೇಬ್ರೇ."

 ಕಲ್ಲು ತೆಗೆಯಿರಿ ಎಂದು ತಮ್ಮ ದೋಣಿಯವರಿಗೆ ಹೇಳಿದರು. ಅವರೂ ಈ ಕಡೆಯ ದ್ವೀಪದವರೇ. ನಾಲ್ವರೂ ಸಮುದ್ರ ನೋಡುತ್ತ ನಿಂತರು. ಕೊನೆಗೆ ಸಾಹೇಬರೇ ಕೋಟು ಬಿಚ್ಚಿ ಕಲ್ಲು ಎಸೆದು ಪೀಪಾಯಿಯನ್ನು ದೋಣಿಯತ್ತ ಉರುಳಿಸಿದರು. ದೂರದಲ್ಲಿ ನಿಂತಿದ್ದ ಅಜ್ಜಿ, ಇನ್ನೊಬ್ಬರ ಕಲ್ಲು ಕಿತ್ತವರು ಉದ್ಧಾರವಾದದ್ದು ಕಂಡಿಲ್ಲ ಎಂದು ಗಾಳಿಗೆ ಹೇಳಿದಳು. ದೋಣಿ ಹತ್ತುವಾಗ ಸಾಹೇಬರು ಪಾಚಿಯ ಮೇಲೆ ಜಾರಿ ಸೊಂಟದವರೆಗೆ ನೀರಿನಲ್ಲಿ ಕೂತರು. ದೋಣಿ ಕೋಡುಗಲ್ಲು ದಾಟುವವರೆಗೆ ಊರಿನವರು ಯಾರೂ ನಗಲಿಲ್ಲ. ಆಮೇಲೆ ನಕ್ಕರು. ನಾನು ನಗಲಿಲ್ಲ.

ಅಕ್ಟೋಬರ್ 12

ಪೆಟ್ಟಿಗೆ ಕಟ್ಟಿದೆ. ಬಿಚ್ಚಿದೆ. ಕಾಗದ ಇಲ್ಲ. ಜೆನಟ್‌ಳ ಗೋರಿಯ ಸುತ್ತ ಕಳೆ ಕಿತ್ತೆ.

ಅಕ್ಟೋಬರ್ 16

ಕಾಗದ ಬಂತು. ಓದುವವರೆಗೆ ಹೊಸಾಯ ಬಾಗಿಲಲ್ಲೇ ನಿಂತಿದ್ದ. ನನ್ನ ಓದು ನಿಧಾನ.

ಹಾಡಹಗಲಲ್ಲಿ, ಬಯಲಿನಲ್ಲಿ ಪೀಪಾಯಿ ಇಡುವಷ್ಟು ಧೈರ್ಯ ಬಂದಿದೆ ಎಂದರೆ ಇಲ್ಲಿನ ಕಳ್ಳಸಾಗಣೆ ಮಿತಿಮೀರಿದೆ, ಕಟ್ಟೆ ಮುಚ್ಚುವ ಹಾಗೇ ಇಲ್ಲವಂತೆ. ನಾನೂ ಇರಬಹುದು. ಆದರೆ ಮೂರು ತಿಂಗಳಿಗೊಮ್ಮೆ ನನ್ನ ಕೈಯಿಂದಲೇ ಒಂದು ಜಪ್ತಿ ಆಗಬೇಕು. ತಪ್ಪಿದರೆ ಲೀತ್.

ಹೊಸಾಯ ಗಡ್ಡ ಕೆರೆದುಕೊಂಡ.

"ಜಿನ್ನೇ ಆಗ್ಬೇಕಾ ಸುಂಕದಣ್ಣ, ಹೊಗೆಸೊಪ್ಪಾದ್ರೂ ನಡೀತದಾ?"

ನಾನು ರಾಣಿಯವರ ನೌಕರ, ನನ್ನ ಮನೆ ಬಾಗಿಲಿಗೇ ಬಂದು ಇಂಥ ಮಾತಾಡುತ್ತೀಯಾ ಎಂದು ಅರಚಿದೆ. ಕೋಳಿಗಳು ಚದುರಿದವು. ಅವನು ಟೋಪಿ ಹಾಕಿಕೊಂಡು ಹೊರಟ. ಬೇಲಿ ದಾಟಿದ ಮೇಲೆ ಕೂಗಿ ಕರೆದೆ. ಸುಮ್ಮನೆ ಹೇಳುತ್ತಿದ್ದೇನೆ, ಅಷ್ಟೇ ಎಂದೆ. ನನ್ನ ಸೊಂಟ ಮೊದಲಿನ ಹಾಗಿಲ್ಲ. ಹೊಗೆಸೊಪ್ಪಾದರೆ ಹೊರಲು ಹಗುರ, ಅದೂ ಸಣ್ಣ ಕಟ್ಟಾದರೆ —