ವಾರೆಗಣ್ಣಿನ ಕ್ಯಾಮೆರಾ

ಮಾರ್ಚ್ 4

ಕೆಳಗೆ ಶುರುವಾಯಿತು. ಧಪ್. ಧಪ್. ಆಮೇಲೆ ಭಾವನ ಗಂಟಲು— "ಕಾಲು! ಕಾಲು ಆಡಿಸೇ!" ಜಿಮ್ಮಿನ ಮೇಲಿನ ಕೋಣೆಯಲ್ಲಿರುವವಳಿಗೆ ಬೇರೆ ಅಲಾರಾಂ ಬೇಡ. ಭಾವ ಬಾಕ್ಸಿಂಗ್ ಕೋಚ್. ಏಟು ತಿನ್ನುವವಳು ಅವರ ಮಗಳೇ, ನಮ್ಮ ಪುಟ್ಟಿ. ಹತ್ತೊಂಬತ್ತು ತುಂಬಿದೆ. ಮೇ ಕೊನೆಗೆ ಸೆಲೆಕ್ಷನ್.

ಇಳಿದು ನೋಡಿದೆ. ಮೂಗಿನ ರಕ್ತವನ್ನು ಗ್ಲೋವಿನಲ್ಲೇ ಒರೆಸಿಕೊಂಡು "ಗುಡ್ ಮಾರ್ನಿಂಗ್ ಚಿಕ್ಕಮ್ಮ" ಎಂದಳು. ಹಲ್ಲೆಲ್ಲ ಕೆಂಪು.

ಇದು ಕಲಿಸುವುದೋ, ಹೊಡೆಯುವುದೋ? ಅಕ್ಕನನ್ನು ಕೇಳಿದರೆ, "ನಿಂಗೇನ್ ಗೊತ್ತು ಬಾಕ್ಸಿಂಗು? ಸುಮ್ನಿರು." ನಿಜ, ನನಗೇನು ಗೊತ್ತು.

ಸಂಜೆ ಸಿನಿಮಾ ಕ್ಲಾಸು. ನಲವತ್ನಾಲ್ಕಕ್ಕೆ ಇದೆಂಥ ಹುಚ್ಚು ಎಂದು ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಲ್ಲಿ ನಗುತ್ತಾರೆ. ಟೀಚರ್ ಹೇಳಿದ್ದು: "ಫೋನ್ ಬೇಡ. ಫೋನಲ್ಲಿ ಎಲ್ಲಾ ತೆಗೀತೀರಿ, ಏನೂ ನೋಡಲ್ಲ. ಹಳೇದು, ಅಗ್ಗದ್ದು, ರೀಲ್ ಹಾಕೋದು ಒಂದು ಹುಡುಕ್ಕೊಳ್ಳಿ."

ಮಾರ್ಚ್ 9

ಸೆಕೆಂಡ್ ಹ್ಯಾಂಡ್ ಅಂಗಡಿ. ನನ್ನ ಕೈಗೆಟುಕುವಂಥವು ಎರಡೇ. ಒಂದು ಪ್ಲಾಸ್ಟಿಕ್ಕಿನದು— ಹಗುರ, ಬ್ಯಾಟರಿ, ಜೂಮ್ ಕೂಡ ಇದೆ. ಆದರೆ ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬು. ಲೆನ್ಸಿಗೆ ಟಾರ್ಚ್ ಬಿಟ್ಟರೆ ಒಳಗೆ ಜೇಡರ ಬಲೆಯಂಥ ಬೂಷ್ಟು. ಇನ್ನೊಂದು ಬರೀ ಲೋಹ. ಗಡಿಯಾರದ ಹಾಗೆ ಕೀಲಿ ಕೊಡಬೇಕು. ಒಂದು ಕೀಲಿಗೆ ಅರ್ಧ ನಿಮಿಷ ಓಡುತ್ತದೆ. ಸೌಂಡ್ ರೆಕಾರ್ಡ್ ಆಗುವುದಿಲ್ಲ. ಲೆನ್ಸ್ ಮಾತ್ರ ಶುಭ್ರ.

"ಇದು ಒಂದ್ಸಲ ಬಿದ್ದಿದೆ ಮೇಡಂ. ಮೇಲಿನ ಫೈಂಡರ್, ಕಣ್ಣಿಟ್ಟು ನೋಡೋ ಕಿಂಡಿ, ಸ್ವಲ್ಪ ಬಗ್ಗಿದೆ. ನೀವು ನೋಡೋದೊಂದು, ಅದು ತೆಗೆಯೋದೊಂದು. ಅದಕ್ಕೇ ಈ ರೇಟು."

"ಎಷ್ಟು ವ್ಯತ್ಯಾಸ ಬರುತ್ತೆ?"

"ಅದನ್ನ ರೀಲೇ ಹೇಳ್ಬೇಕು. ವಾರೆಗಣ್ಣು ಅಂತ ಹುಡುಗೀನ ಬೇಡ ಅಂತೀವಾ?"

"ಹುಡುಗೀನೂ ಮಾರ್ತೀರಾ ನೀವು?" ಎಂದೆ. ಸರಸರ ಪ್ಯಾಕ್ ಮಾಡಿದ.

ಬಿದ್ದದ್ದನ್ನೇ ತಂದೆ. ಅಗ್ಗ ಅಂತಲೋ, ಬಿದ್ದರೂ ಓಡುತ್ತಿದೆ ಅಂತಲೋ... ತಿಳಿಯದು.

ಮಾರ್ಚ್ 23

ಮೊದಲ ತಿಂಗಳು ರೀಲ್ ಹಾಕುವಂತಿಲ್ಲ. ಖಾಲಿ ಕ್ಯಾಮೆರಾದಲ್ಲೇ ಅಭ್ಯಾಸ. ದಿನಾ ಜಿಮ್ಮಿನ ಮೂಲೆಯಲ್ಲಿ ನಿಂತು ಕರ್ರ್ ಕರ್ರ್ ಅನ್ನಿಸುತ್ತೇನೆ. ಭಾವನಿಗೆ ಖುಷಿ. "ಏನ್ ಡೈರೆಕ್ಟರಮ್ಮ, ಖಾಲಿ ಡಬ್ಬಕ್ಕೆ ಆ್ಯಕ್ಟಿಂಗ್ ಮಾಡಿ ಮಾಡಿ ಸಾಕಾಯ್ತು!" ಅನ್ನುತ್ತಲೇ ಪುಟ್ಟಿಯ ಪಕ್ಕೆಗೆ ಒಂದು ಬಿಟ್ಟರು. ಅವಳು ಮಡಚಿಕೊಂಡಳು. ಏಳುವ ಮುಂಚೆ ಇನ್ನೊಂದು, ಕಿವಿಯ ಮೇಲೆ. "ನಿಂತಲ್ಲೇ ನಿಂತಿರ್ತೀಯಲ್ಲ, ಕಂಬ! ಹಿಂದೆ ಸರಿ!"

ಸರಿಯಲಿಲ್ಲ. ಯಾಕೆ ಸರಿಯುವುದಿಲ್ಲ ಇವಳು? ನನಗೂ ಸಿಟ್ಟು ಬಂತು. ಅವಳ ಮೇಲೆ.

ಏಪ್ರಿಲ್ 12

ರೀಲ್ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೋಂವರ್ಕ್: ಒಂದು ಕೆಲಸ, ಒಂದೇ ಕೀಲಿ, ನಿಲ್ಲಿಸದೆ. ಹತ್ತಿರ ಹೋಗಿ ಫೈಂಡರಿನ ತುಂಬ ಇಬ್ಬರ ಮುಖ ಹಿಡಿದೆ. ಎಡ, ಎಡ, ಬಲ. ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು ಕುರುಡಾಗಿ ಕೈ ಬೀಸುತ್ತಿದ್ದಳು. ಅವರು ಬಿಡಲಿಲ್ಲ. ಕೊನೆಯ ಏಟಿಗೆ ಮೌತ್‌ಗಾರ್ಡ್ ಹಾರಿ ನನ್ನ ಚಪ್ಪಲಿಯ ಹತ್ತಿರ ಬಿತ್ತು, ಜೊತೆಗೆ ಅರ್ಧ ಹಲ್ಲು.

ಸ್ಪ್ರಿಂಗ್ ತಾನಾಗಿ ನಿಂತಿತು. ಭಾವ ಇನ್ನೂ ಎರಡು ಹೊಡೆದರು.

ಕ್ಲಿನಿಕ್ಕಿಗೆ ನಾನೇ ಕರೆದೊಯ್ದೆ. ಡಾಕ್ಟರ್ ಹಲ್ಲು ಕಟ್ಟುತ್ತ, "ಈ ಕಡೆ ಕಿವಿ ಕೇಳ್ತಿಲ್ಲ ಅನ್ಸುತ್ತೆ ಇವಳಿಗೆ. ಇನ್ನೊಂದು ಇಂಥದ್ದು ಬಿದ್ರೆ ಗತಿಯೇನು?" ಎಂದರು. ಪುಟ್ಟಿ, ಮರಗಟ್ಟಿದ ಬಾಯಲ್ಲಿ: "ತಪ್ಪು ನಂದೇ ಡಾಕ್ಟ್ರೇ. ನನ್ ಕಾಲು ತುಂಬಾ ಸ್ಲೋ."

ಮೇ 6

ಲ್ಯಾಬಿನಿಂದ ರೀಲ್ ತೊಳೆದು ಬಂತು. ಕ್ಲಾಸಿನ ಪ್ರೊಜೆಕ್ಟರ್ ತಂದು, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಗೋಡೆಗೆ ಬಿಟ್ಟೆ. ಛೆ, ಮುಖಗಳೇ ಇಲ್ಲ. ಸೊಟ್ಟ ಫೈಂಡರು ಕೈಕೊಟ್ಟಿದೆ. ಸೊಂಟದಿಂದ ಕೆಳಗೆ ಮಾತ್ರ— ನಾಲ್ಕು ಕಾಲು, ನೆಲ, ರಕ್ತದ ಹನಿ.

ಮತ್ತೆ ಹಾಕಿದೆ. ಮತ್ತೆ.

ಭಾವನ ಶೂ ಪುಟ್ಟಿಯ ಎಡಗಾಲಿನ ಮೇಲಿದೆ. ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದಿದ್ದಾರೆ. ಅವಳ ಹಿಮ್ಮಡಿ ಎದ್ದೇಳಲು ಒದ್ದಾಡುತ್ತದೆ, ಆಗುವುದಿಲ್ಲ. ಪ್ರತಿ ಏಟಿಗೂ ಮೊದಲು ಆ ಶೂ ಬರುತ್ತದೆ. ಆಕಸ್ಮಿಕವಲ್ಲ. ತುಳಿದುಕೊಂಡೇ ಕೂಗುತ್ತಿದ್ದರಲ್ಲ— ಕಾಲು ಆಡಿಸೇ ಎಂದು.

ಕೂಗು ಗೋಡೆಯ ಮೇಲೆ ಕೇಳಿಸುವುದಿಲ್ಲ. ಕೂಗಿಲ್ಲದೆ ನೋಡಿದರೆ ಅಲ್ಲಿ ಪಾಠವೇ ಇಲ್ಲ. ಹೊಡೆತ ಮಾತ್ರ.

ಸ್ಕೂಲಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿತೆ. ಈಗ ಬಾಯಿಗೆ ಬಂದದ್ದು ಅಪ್ಪಟ ಕನ್ನಡ ಬೈಗುಳ. ಬರೆಯುವಂಥದ್ದಲ್ಲ.

ಮೇ 7

ಅಕ್ಕನಿಗೆ ತೋರಿಸಿದೆ. "ಇನ್ನೊಂದ್ಸಲ ಹಾಕು." ಹಾಕಿದೆ. ಎದ್ದು ಗೋಡೆಯ ಹತ್ತಿರ ಹೋಗಿ ಆ ಶೂವಿನ ಮೇಲೆ ಅಂಗೈಯಿಟ್ಟಳು. "ಈ ಶೂ ನಾನೇ ಕೊಡ್ಸಿದ್ದು ಕಣೇ," ಎಂದಳಷ್ಟೆ. ಕೆಳಗಿಳಿದು ಹೋದಳು.

ಪುಟ್ಟಿ ಬಾಗಿಲಲ್ಲೇ ನಿಂತಿದ್ದಳಂತೆ. ನಾನು ನೋಡಿರಲಿಲ್ಲ.

"ನಾನು ಸ್ಲೋ ಅಂದ್ಕೊಂಡಿದ್ದೆ, ಚಿಕ್ಕಮ್ಮ."

ಸೆಲೆಕ್ಷನ್ ಬೇಡ, ಬ್ಯಾಗ್ ತುಂಬು, ನಾವಿಬ್ಬರೂ ಹೊರಡೋಣ ಅಂದೆ. ಬೇಡವೆಂದು ತಲೆಯಾಡಿಸಿದಳು. "ನಾಡಿದ್ದು ರೀಲ್ ಹಾಕ್ಕೊಂಡ್ ಬಾ."

ಯಾಕೆಂದು ಕೇಳಬೇಕಿತ್ತು. ಕೇಳದೆಯೂ ಗೊತ್ತಿತ್ತಲ್ಲವೇ?

ಮೇ 9, ಮಧ್ಯಾಹ್ನ, ಆಸ್ಪತ್ರೆ

ಆದದ್ದು ಆದಂತೆ ಬರೆಯುತ್ತೇನೆ.

ಫೈಂಡರಿನ ವಾರೆ ಈಗ ಗೊತ್ತಿದೆ. ಮೇಲಿನ ಗೋಡೆ ಗಡಿಯಾರಕ್ಕೆ ಗುರಿಯಿಟ್ಟರೆ ತಲೆಯಿಂದ ಕಾಲಿನವರೆಗೆ ಸಿಗುತ್ತದೆ. ಹಿಂದಿನ ಮೂಲೆಗೆ ಸರಿದು ಹಾಗೇ ಹಿಡಿದೆ. ಒಂದು ಕಣ್ಣಲ್ಲಿ ಗಡಿಯಾರ. ಇನ್ನೊಂದು ಕಣ್ಣು ತೆರೆದೇ ಇತ್ತು.

ಭಾವನ ಶೂ ಬಂತು. ಮೊದಲ ಸಲ ತುಳಿಸಿಕೊಂಡಳು, ಏಟೂ ತಿಂದಳು. ಎರಡನೆಯದೂ. ಮೂರನೆಯ ಸಲ ಕೆಳಗೆ ನೋಡಿ ಕಾಲು ತೆಗೆದಳು. ಬರೀ ನೆಲ ತುಳಿದು ಭಾವ ಮುಂದಕ್ಕೆ ಮುಗ್ಗರಿಸಿದರು. ಮುಖ ತಾನಾಗಿ ಅವಳ ಬಲಗೈಗೆ ಬಂತು. ಒಣ ಕಡ್ಡಿ ಮುರಿದ ಸದ್ದು— ದವಡೆ. ಬಿದ್ದರು. ಏಳಲು ನೆಲಕ್ಕೆ ಕೈಯೂರಿದರು. ಆ ಕೈಯನ್ನು ತುಳಿದು ನಿಂತು ಹೊಡೆದಳು. "ಸರೀರಿ ಅಪ್ಪಾ! ಹಿಂದೆ ಸರೀರಿ!" ಕಣ್ಣು, ಕಿವಿ, ಮತ್ತೆ ಕಿವಿ. ಕೈ ಬಿಡಿಸಿಕೊಳ್ಳಲು ಒದ್ದಾಡುತ್ತ ಭಾವ ಪ್ರಜ್ಞೆ ತಪ್ಪಿದರು. ಆಮೇಲೂ ಹೊಡೆದಳು. ಅಕ್ಕ ಬಾಗಿಲಲ್ಲಿದ್ದಳು. ಬೆರಳೂ ಅಲುಗಿಸಲಿಲ್ಲ.

ಸ್ಪ್ರಿಂಗ್ ನಿಂತಿತು. ಆಗ ಬಿಡಿಸಬಹುದಿತ್ತು.

ಕೀಲಿ ಕೊಟ್ಟೆ.

ಮೇ 10, ಬೆಳಿಗ್ಗೆ

ಭಾವ ಇನ್ನೂ ಕಣ್ಣು ಬಿಟ್ಟಿಲ್ಲ. ನಿನ್ನೆ ರಾತ್ರಿ ಆಸ್ಪತ್ರೆಗೆ ಪೊಲೀಸರು ಬಂದಾಗ, ಪ್ರಾಕ್ಟೀಸಿನಲ್ಲಿ ಆದದ್ದು ಎಂದಳು ಪುಟ್ಟಿ. ಅಕ್ಕನೂ ಅದನ್ನೇ. ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿ, "ನೀವು ಶೂಟಿಂಗ್ ಮಾಡ್ತಿದ್ರಂತಲ್ಲ ಮೇಡಂ? ಬೆಳಿಗ್ಗೆ ಬರ್ತೀನಿ, ಕ್ಯಾಮೆರಾ ಕೊಡಿ. ನಾವೇ ತೊಳೆಸ್ತೀವಿ."

ಏಪ್ರಿಲಿನ ರೀಲ್ ಕೊಡುತ್ತೇನೆ. ಅದರಲ್ಲಿ ಅವರ ಶೂ ಇದೆ. ನಿನ್ನೆಯ ಇದರಲ್ಲಿ ಅವಳದು.

ಮತ್ತೆ, ಇದರ ನಡುವೆ ಶಾಟ್ ಒಂದು ಸಲ ತುಂಡಾಗಿ ಮುಂದುವರಿಯುತ್ತದೆ. ಆ ತುಂಡು ನಾನು, ಬಿಡಿಸದೆ ಕೀಲಿ ಕೊಟ್ಟವಳು. ಹಾಗಾದರೆ ಇದನ್ನು ಹಾಳು ಮಾಡುವುದು ಪುಟ್ಟಿಗಾಗಿಯೋ, ನನಗಾಗಿಯೋ? ಫ್ರೇಮ್ ಸರಿಯಾಗಿ ಕೂತ ನನ್ನ ಮೊದಲ ಶಾಟ್ ಅದು, ಅದನ್ನೂ ಬರೆದಿಡಬೇಕು.

ಕೆಳಗೆ ಬೆಲ್. ಅಕ್ಕ ಬಾಗಿಲು ತೆಗೆಯುತ್ತಿದ್ದಾಳೆ. ಕಿಟಕಿಯ ಬೆಡ್‌ಶೀಟ್ ಕಿತ್ತೆ. ಒಳ್ಳೆ ಬಿಸಿಲು. ತೊಳೆಯದ ರೀಲಿಗೆ ಬೆಳಕು ಬಿದ್ದರೆ ಚಿತ್ರವೆಲ್ಲ ಅಳಿಯುತ್ತದೆ. ಕ್ಯಾಮೆರಾದ ಮುಚ್ಚಳ ಎಡಗೈಯಲ್ಲಿದೆ. ಸುರುಳಿ ಬಿಚ್ಚುತ್ತಿದೆ... ಮಾಸಲು ಕೆನೆ ಬಣ್ಣ, ಉದ್ದಕ್ಕೂ. ಅದರ ಮೇಲೆ ಕಣ್ಣಿಗೆ ಏನೂ—